ಹಸದ ಹೊಟ್ಟಿಯ ಸಾಕ್ಷಿ

ಆಣಿಗೂ ಪ್ರಮಾಣಕ್ಕೂ ಫರಕ ಏನು ಅಂತ ಏಕಸಂಬಿ ಕಡೆ ಕುರಿ ಕಾಯೋ ತಾರವ್ವನ್ನ ಕೇಳ್ರಿ. "ಆಣಿ ಸಂತ್ಯಾಗ ಬದನಿಕಾಯಿ ಮಾರೋರೂ ಮಾಡ್ತಾರ. ಪ್ರಮಾಣ ಅಂದ್ರ ಬೀರದೇವರ ಭಂಡಾರ ಮುಟ್ಟಿ ಆಡೋ ಮಾತು" ಅಂತಾಳ. ಆ ಅರಿಷಿಣ ಪುಡಿ ಮುಟ್ಟೋ ದಿನ ತಲಿಮ್ಯಾಲೆ ನೀರು ಹಾಕ್ಕೊಂಡು ಹಸದ ಹೊಟ್ಟೀಲೆ ಇರಬೇಕು. ಅದರಾಗೂ, ಯಾರ ವಿರುದ್ಧ ಹೇಳಬೇಕೋ ಅವರ ಅನ್ನ ಅವತ್ತು ಹೊಟ್ಟ್ಯಾಗ ಇರಬಾರದು. ಇಂಥಾಕೀನ ಕಟಗೊಂಡಾಂವ ಜಕ್ಕಪ್ಪ. ಪಾಪ, ಬಲು ಮೆತ್ತನ್ನ ಮನಶ್ಯಾ.

ಭೀಮಗೊಂಡ ಗೌಡ್ರ ಕಬ್ಬಿಗೆ ಮಟಮಟ ಮಧ್ಯಾಹ್ನದಾಗ ಬೆಂಕಿ ಬಿತ್ತು. ಗೌಡ್ರು ಹಿಂದ ನೋಡ್ಲಿಲ್ಲ, ಮುಂದ ನೋಡ್ಲಿಲ್ಲ, ಸಮಾಧಾನ ಅನ್ನೋ ಕೂಲಿ ಹುಡುಗನ ಹೆಸರು ಹೇಳಿಬಿಟ್ರು. ಆ ಹುಡುಗನ ಜೋಡಿ ದಾರಿ ಸಲುವಾಗಿ ಅವರದೊಂದು ಜಗಳ ಆಗಿತ್ತು, ಅದ ಸಾಕಾತು. ಗೌಡ್ರ ಇಬ್ಬರು ಆಳುಗಳು "ಅಂವ ಓಡಿದ್ದು ನೋಡೀವಿ" ಅಂತ ಪೊಲೀಸರ ಮುಂದ ಜಬಾನಿ ಕೊಟ್ರು. ಧಣಿ ಮಾತಿಗೆ ಇಲ್ಲ ಅನ್ನಾಕ ಅವರಿಗೇನು ಎರಡು ತಲಿ ಇದ್ವ? ಖರೇ ಅಂದ್ರ ಆ ಹೊತ್ತಿನ್ಯಾಗ ಸಮಾಧಾನ ದೂಧಗಂಗಾ ನದಿ ದಂಡೀಗೆ, ಕೆಸರಾಗ ಸಿಕ್ಕ ತಾರವ್ವನ ಕುರಿ ಎಳದು ಹೊರಗ ತರಾಕತ್ತಿದ್ದ. ಅದನ್ನ ಕಂಡಾಕಿ ತಾರವ್ವ ಒಬ್ಬಾಕಿನ.

"ನಮಗ್ಯಾಕ ಊರ ಉಸಾಬರಿ?" ಅಂದ ಜಕ್ಕಪ್ಪ. "ನಮ್ಮ ಕುರಿಹಟ್ಟಿ ಇರೋದ ಗೌಡ್ರ ಹೊಲದಾಗ. ಕಿತ್ತ ಒಗದ್ರ ಎಲ್ಲಿ ಹೋಗೂದು?"

"ಕುರಿಗೆ ಇನ್ನೊಂದು ಹೊಲಾ ಸಿಗತೈತ್ರಿ. ಶೇವಂತಾಗ ಇನ್ನೊಬ್ಬ ಮಗ ಎಲ್ಲಿ ಸಿಗತಾನ?" ಅಂದ್ಲು ತಾರವ್ವ. ಶೇವಂತಾ ಅಂದ್ರ ಸಮಾಧಾನನ ತಾಯಿ.

ತಾರೀಖಿನ ದಿನ ಚಿಕ್ಕೋಡಿ ಕೋರ್ಟಿಗೆ ಸಾಕ್ಷಿ ಹೇಳಾಕ ತಾರವ್ವ ಉಪಾಸನ ಬಂದ್ಲು. ಮಧ್ಯಾಹ್ನಾತು, ಹೆಸರು ಕೂಗಲಿಲ್ಲ. "ಇವತ್ತು ನಿಮ್ಮ ಪಾಳಿ ಬರೂದಿಲ್ಲವ್ವಾ, ಊಟಾ ಮಾಡ್ರಿ" ಅಂದ್ರು ಸಮಾಧಾನನ ವಕೀಲ್ರು. ಹೇಂತಿ ಒಣಗಿದ ಮಾರಿ ನೋಡಿ ಜಕ್ಕಪ್ಪಗ ತಡಿಲಿಲ್ಲ. ಹೋಟೆಲಿಗೆ ಹ್ವಾದ. ಅಲ್ಲಿ ಕುಂತ ಭೀಮಗೊಂಡ ಗೌಡ್ರು, "ಜಕ್ಕಪ್ಪ, ನಾ ಕೊಡಸ್ತೀನಿ ತಗೋ, ತಾರವ್ವಗೂ ಒಯ್ಯಿ" ಅಂತ ಬಿಸಿ ಭಜಿ ಕಟ್ಟಿಸಿದ್ರು. ಈ ಹುಚ್ಚಪ್ಪ ತಂದು ಕೊಟ್ಟ, ಆಕಿ ತಿಂದ್ಲು. ಬಾಯಿ ಒರಿಸಿಕೊಳ್ಳೂದ್ರಾಗ ಕೂಗು ಬಂತು: "ತಾರವ್ವ ಜಕ್ಕಪ್ಪ ಹಾಜರ್!"

ಯಾರ ಅನ್ನ ತಿನ್ನಿಸಿದೆ ಅನ್ನೂದು ಜಕ್ಕಪ್ಪಗ ಆವಾಗ ಹೊಳೀತು. "ಭಜಿ ಗೌಡ್ರು ಕೊಡಸಿದ್ದು" ಅಂತ ಹೇಂತಿ ಕಿವ್ಯಾಗ ಹೇಳಿದ. ಆಕಿ ಬೈಲಿಲ್ಲ. ನೆಟ್ಟಗ ಕಟಕಟಿ ಹತ್ತಿ ಕೈ ಮುಗದ್ಲು.

"ಸಾಹೇಬ್ರ, ಇವತ್ತು ನನ್ನಿಂದ ಪ್ರಮಾಣ ಆಗೂದಿಲ್ರಿ. ಈ ಗೌಡ್ರ ಭಜಿ ನನ್ನ ಹೊಟ್ಟ್ಯಾಗ ಐತಿ. ನಾಳೆ ಹಸದ ಬರ್ತೀನ್ರಿ."

ಕೋರ್ಟೆಲ್ಲಾ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. "ದೇವರ ಹೆಸರು ತಗೋಬ್ಯಾಡ್ರಿ, ಖರೇ ಹೇಳ್ತೀನಿ ಅಂದ್ರ ಕಾಯ್ದೆ ಒಪ್ಪತೈತಿ" ಅಂದ್ರು.

"ಕಾಯ್ದೆ ಒಪ್ಪೀತ್ರಿ. ನಾ ಒಪ್ಪಬೇಕಲ್ರಿ."

ಸಾಕ್ಷಿ ಮರುದಿನಕ್ಕ ಬಿತ್ತು. ಹೊರಗ ಶೇವಂತಾ ಎದಿ ಎದಿ ಬಡಕೊಂಡ್ಲು: "ನನ್ನ ಮಗನ್ನ ಮುಳಗಿಸಿದ್ರಿ!" ಭಜಿಗೆ ಮಾರಿಕೊಂಡ್ಲು ಅಂತ ಊರೂ ಆಡಿತು. ಊರ ಬಾಯಿಗೆ ಬೀಗ ಹಾಕಾಂವ ಯಾರು? ಹುಡುಗ ಜೈಲಿಗೆ ಹ್ವಾದ್ರ ಅದು ತನ್ನ ಕೈಯಿಂದ ಆದಂಗ, ಅಂತ ಜಕ್ಕಪ್ಪ ಸಂಕಟಪಟ್ಟ.

ಮರುದಿನ ತಾರವ್ವ ಹಸಿ ತಲಿ, ಹಣಿತುಂಬ ಭಂಡಾರ, ಖಾಲಿ ಹೊಟ್ಟಿ. ಪ್ರಮಾಣ ಮಾಡಿ ಕಂಡದ್ದನ್ನ ಕಂಡಂಗ ಹೇಳಿದ್ಲು. ಸರಕಾರಿ ವಕೀಲ್ರು ಎದ್ದು, "ಇದಕ್ಕ ಪುರಾವೆ ಏನೈತಿ? ಫೋಟೋ?" ಅಂದ್ರು.

"ಪುರಾವೆ ಇಲ್ರಿ. ಪುರಾವೆ ಇದ್ದಿದ್ರ ನನ್ನ ಯಾಕ ಕರಸ್ತಿದ್ರು? ಸಾಕ್ಷಿ ಅಷ್ಟ ಐತಿ, ಅದು ನಾನ."

"ಗೌಡ್ರ ಮ್ಯಾಲೆ ಸಿಟ್ಟೇನು?"

"ಸಿಟ್ಟ್ಯಾಕ್ರಿ? ಅವರ ಹೊಲದಾಗ ನಮ್ಮ ಹಟ್ಟಿ ಐತಿ. ಸಂಜಿಗೆ ಕೀಳಸ್ಬಹುದು. ಗೊತ್ತಿದ್ದ ಬಂದೀನ್ರಿ."

ಹಿಂದ ನಿಂತ ಜಕ್ಕಪ್ಪನ ಎದಿ ಉಬ್ಬಿತು. ಎಲಾ ಇವಳ! ಇಷ್ಟು ವರ್ಷ ತಾ ಅಂಜಿದ್ದೆಲ್ಲಾ ಸಣ್ಣದಾಗಿ ಕಂಡಿತು. ಅವತ್ತು ಸಂಜಿಗೆ ಗೌಡ್ರು ಹೇಳೂಕಿಂತ ಮೊದಲ ತಾನ ಹೋಗಿ ಹಟ್ಟಿಯ ಗೂಟ ಕಿತ್ತ, ಕುರಿ ಹೊಡಕೊಂಡು ನದಿ ದಂಡೀಗೆ ನಡದ.

ಕಡೀಗೆ ತೀರ್ಪಿನ ದಿನ ಬಂತು. ಸಮಾಧಾನ ಬಿಡುಗಡಿ ಆದ. ಶೇವಂತಾ ಮಗನ್ನ ತಬ್ಬಿಕೊಂಡು ಅತ್ತು, ಆಮ್ಯಾಲೆ ತಾರವ್ವನ ಕಾಲಿಗೆ ಬೀಳಾಕ ಹ್ವಾದ್ಲು. "ಏ ಹುಚ್ಚಿ, ಏಳ!" ಅಂತ ತಾರವ್ವ ರಟ್ಟಿ ಹಿಡದು ಎಬ್ಬಿಸಿದ್ಲು. ಜಕ್ಕಪ್ಪ ವಕೀಲ್ರ ಹಂತ್ಯಾಕ ಹೋಗಿ, "ಸಾಹೇಬ್ರು ನಮ್ಮಾಕಿ ಬಗ್ಗೆ ಏನೋ ಓದಿದ್ರಲ್ರಿ, ನನಗ ತಿಳೀಲಿಲ್ಲ" ಅಂದ.

"ನಿಮ್ಮ ಹೇಂತಿ ಮಾತು ನಂಬಾಕ ತಕ್ಕದ್ದು ಅಂತ ಬರದಾರ, ಜಕ್ಕಪ್ಪ."

ಜಕ್ಕಪ್ಪನ ಕಣ್ಣು ತುಂಬಿದ್ವು. "ಅಷ್ಟನ? ಅದನ್ನ ನನ್ನ ಕೇಳಿದ್ರ ಮೊದಲನೇ ತಾರೀಖಿಗೇ ಹೇಳ್ತಿದ್ದೆ ಅಲ್ರಿ!"