ಹರೆಯದ ಅಪ್ಪಾಲಾಲ ಬೇಕಾಗಿದ್ದಾನೆ

ನನ್ನ ಹೆಸರು ಅಪ್ಪಾಲಾಲ. ಇದನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದ ನೆನಪು ನನಗಿಲ್ಲ. ಮೊದಲ ಸಲ ಹೇಳಿದಾಗ ಎದುರಿನವರು "ಏನಂದ್ರಿ?" ಎನ್ನುತ್ತಾರೆ. ಮತ್ತೆ ಹೇಳಿದರೆ "ಓಹೋ" ಎನ್ನುತ್ತಾರೆ, ಆದರೆ ಆ ಓಹೋದಲ್ಲಿ ತಿಳಿಯಿತು ಎಂಬ ಧ್ವನಿ ಇರುವುದಿಲ್ಲ. ಕೃಷ್ಣಾ ದಂಡೆಯ ನಮ್ಮ ಉಗಾರ ಖುರ್ದದಲ್ಲಿ ಈ ತೊಂದರೆ ಇಲ್ಲ; ಧಾರವಾಡ ದಾಟಿದರೆ ಶುರುವಾಗುತ್ತದೆ. ಒಮ್ಮೆ ಶಿಕ್ಷಕರ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದೆ. ಹೆಸರು ಬರೆದುಕೊಳ್ಳುತ್ತಿದ್ದ ತರುಣ "ತಂದೆ ಹೆಸರು ಆಮೇಲೆ ಸರ್, ಮೊದಲು ನಿಮ್ಮ ಹೆಸರು ಹೇಳಿ" ಎಂದ. ಅಪ್ಪನ ಹೆಸರು ಲಾಲ ಎಂದು ಅವನು ತಿಳಿದಿದ್ದ. ಕೊಲ್ಹಾಪುರದ ಲಾಡ್ಜಿನವನಾದರೋ ನನ್ನನ್ನು ಮಾರವಾಡಿ ಸೇಠ ಎಂದುಕೊಂಡು ಹಿಂದಿಯಲ್ಲಿ ಬಟ್ಟೆಯ ದರ ಕೇಳಿದ. ನಾನು ಉತ್ತರ ಕೊಟ್ಟೆ ಕೂಡ. ಸೇಠ ಅನ್ನಿಸಿಕೊಳ್ಳುವ ಅವಕಾಶ ಕನ್ನಡ ಮಾಸ್ತರನಿಗೆ ದಿನಾ ಬರುವುದಿಲ್ಲ.

ನಿವೃತ್ತನಾಗುವವರೆಗೂ ಶಾಲೆಯಲ್ಲಿ ಹುಡುಗರಿಗೆ ನಾನು 'ಲಾಲ ಸರ್' ಆಗಿದ್ದೆ. ಕೆಂಪು ಶಾಯಿಯಲ್ಲಿ ಅವರ ತಪ್ಪು ತಿದ್ದುತ್ತಿದ್ದುದರಿಂದ ಈ ಹೆಸರು ಬಂದಿದೆ ಎಂದು ಎಷ್ಟೋ ಮಕ್ಕಳು ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ನಂಬಿದ್ದರು. ನಾನು ಆ ನಂಬಿಕೆಯನ್ನು ಮುಟ್ಟಲು ಹೋಗಲಿಲ್ಲ.

ಆದರೆ ಹೆಸರಿನ ಬಗ್ಗೆ ನನಗೆ ಒಳಗೊಳಗೆ ಜಂಬ ಇತ್ತು. ಬಿಡಿಸಿ ನೋಡಿ. 'ಅಪ್ಪಾ' ನಮ್ಮ ಅಚ್ಚ ಕನ್ನಡದ ಮಾತು, ತಂದೆ. 'ಲಾಲ' ಉತ್ತರದಿಂದ ನಡೆದು ಬಂದದ್ದು. ಹಿಂದಿಯಲ್ಲಿ ಲಾಲ ಎಂದರೆ ಕೆಂಪು, ಮುದ್ದಿನ ಮಗನೂ ಹೌದು. ಫಾರ್ಸಿಗೆ ಹೋದರೆ ಅದೇ ಸದ್ದಿನ ಮಾತು ಕೆಂಪು ಹರಳು, ಮಾಣಿಕ. ಹೀಗೆ ಒಂದೇ ಹೆಸರಿನಲ್ಲಿ ಅಪ್ಪನೂ ಇದ್ದಾನೆ, ಮಗನೂ ಇದ್ದಾನೆ. ಎರಡು ಸೀಮೆಯ ಮಾತು ಯಾರ ಅಪ್ಪಣೆಯೂ ಇಲ್ಲದೆ ಬೀಗತನ ಮಾಡಿಕೊಂಡಿವೆ. ಮನೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ ಆಡುವ ಗಡಿಯ ಮುಸಲ್ಮಾನರ ಮನೆಗಳಲ್ಲಿ ಮಾತ್ರ ಇಂಥ ಹೆಸರು ಹುಟ್ಟಲು ಸಾಧ್ಯ. ನನಗೆ ಇದು ಬಂದದ್ದು ಅಜ್ಜನಿಂದ. ಅವನು ನಿಪ್ಪಾಣಿ ತಾಲೂಕಿನ ಭೋಜದಲ್ಲಿ ತಾಲೀಮು, ಅಂದರೆ ಗರಡಿ ನಡೆಸುತ್ತಿದ್ದ. ಕುಸ್ತಿಯ ಗುರು, ಅಪ್ಪಾಲಾಲ ವಸ್ತಾದ ಎಂದೇ ಹೆಸರು. ನನ್ನ ತಂದೆ ಸಕ್ಕರೆ ಕಾರ್ಖಾನೆಯ ಕೆಲಸ ಹಿಡಿದು ಉಗಾರಕ್ಕೆ ಬಂದ ಮೇಲೆ ಭೋಜದ ನಂಟು ತಪ್ಪಿತು. ಹೆಸರು ಮಾತ್ರ ನಮ್ಮ ಜೊತೆ ಬಂತು.

ಹೋದ ಚಳಿಗಾಲ ನನ್ನ ಮಗ ಇರ್ಫಾನನಿಗೆ ಗಂಡು ಕೂಸು ಹುಟ್ಟಿತು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೂಸನ್ನು ಎತ್ತಿಕೊಂಡಾಗೆಲ್ಲ ಅದರ ಮೂಗು ಥೇಟ್ ನನ್ನ ಮೂಗಿನಂತೆ ಇದೆ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದೆ, ಅಷ್ಟೇ.

ಒಂದು ಸಂಜೆ ಇರ್ಫಾನ ಮೊಬೈಲು ಹಿಡಿದು ಹೆಸರು ಹುಡುಕುತ್ತಿದ್ದ. ಒಂದೊಂದು ಹೆಸರಿಗೂ ಅದರ ಅರ್ಥವೇನು, ಮೂಲ ಯಾವುದು, ಎಷ್ಟು ಜನ ಇಟ್ಟುಕೊಂಡಿದ್ದಾರೆ ಎಂದು ಅದು ಹೇಳುತ್ತದಂತೆ. ನಾನು ಪೇಪರಿನ ಹಿಂದಿನಿಂದ, "ಅಪ್ಪಾಲಾಲ ಅಂತ ಹಾಕಿ ನೋಡು" ಎಂದೆ.

ಅವನು ನೋಡಿದ. "ಅಬ್ಬಾ, ಅರ್ಥ ಸಿಗೂದಿಲ್ಲ ಅಂತೈತಿ. ಮೂಲ ಗೊತ್ತಿಲ್ಲಂತ."

"ಎಷ್ಟು ಮಂದಿ ಇಟ್ಕೊಂಡಾರಂತ?"

"ಯಾರೂ ಇಲ್ಲಂತ."

ಅರವತ್ತು ದಾಟಿದ ಮನುಷ್ಯನಿಗೆ ಅವನು ಹುಟ್ಟೇ ಇಲ್ಲ ಎಂದು ಹೇಳಿದರೆ ಹೇಗಾಗಬೇಕೋ ಹಾಗಾಯಿತು. ಸೊಸೆ ನಾಜಿಯಾ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಮಿರಜದ ಹುಡುಗಿ, ಮಾತು ನೇರ. ನನ್ನ ಮುಖ ನೋಡಿ ಅವಳೇ ಹೇಳಿದಳು: "ಮಾಮಾ, ನನಗ ನಿಮ್ಮ ಹೆಸರಿನ ಮ್ಯಾಲ ಸಿಟ್ಟಿಲ್ಲರಿ. ಆದ್ರ ಅದು ಬರೇ ಮುದುಕರ ಹೆಸರು. ನಾಳೆ ಸಾಲ್ಯಾಗ ಇವನ್ನ ಕಾಡಸ್ತಾವ. ಒಬ್ಬ, ಒಬ್ಬನ ಹರೇದ ಅಪ್ಪಾಲಾಲನ್ನ ತೋರಸ್ರಿ. ಅದನ್ನ ಇಡೂಣು."

ಇರ್ಫಾನ ನಕ್ಕ. ಅವನಿಗೆ ಅದು ಮುಗಿದ ಮಾತು. ನನಗೆ ಮಾತ್ರ ಅಲ್ಲಿಂದ ಶುರುವಾಯಿತು.

ಮರುದಿನವೇ ಸ್ಕೂಟರ್ ಹತ್ತಿದೆ. ಕಬ್ಬಿನ ಹಂಗಾಮು, ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಜೋಡಿ ಟ್ರಾಲಿ, ಎಲ್ಲಕ್ಕಿಂತ ಹಿಂದೆ ಹೆಸರು ಹುಡುಕುತ್ತ ಹೊರಟ ನಾನು. ಅಥಣಿಯಲ್ಲಿ ಚಪ್ಪಲಿ ಹೊಲಿಸಿ ಮಾರುವ ಒಬ್ಬ ಅಪ್ಪಾಲಾಲ ಸಿಕ್ಕ. ನನ್ನನ್ನು ಕಂಡು ಕಳೆದುಹೋದ ತಮ್ಮ ಸಿಕ್ಕಂತೆ ಅಪ್ಪಿಕೊಂಡ, ಚಹಾ ಕುಡಿಸಿದ. ಆದರೆ ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಕಿವಿ ಬೇರೆ ಮಂದ. ಚಿಕ್ಕೋಡಿಯಲ್ಲಿ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು ಕಂಡು ಎದೆ ಉಬ್ಬಿಸಿ ಒಳಗೆ ಹೋದೆ. ಮಾಲೀಕ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದ. ರಾಯಬಾಗದಲ್ಲಿ ಒಬ್ಬ ಹರೆಯದವನು ಇದ್ದಾನೆಂದು ತಿಳಿದು ಓಡಿದೆ. ಇದ್ದ, ಜಿಮ್ಮಿನಲ್ಲಿ ಕಲಿಸುತ್ತಾನೆ, ಒಳ್ಳೆಯ ಹುಡುಗ. "ಈಗ ಅರಮಾನ್ ಅಂತ ಮಾಡ್ಕೊಂಡೇನ್ರಿ ಸರ್, ಆ ಹೆಸರು ಮನ್ಯಾಗೂ ಯಾರೂ ಕರಿಯೂದಿಲ್ಲ" ಎಂದ. ಅರಮಾನ್ ಎಂದರೆ ಆಸೆ. ನನ್ನ ಆಸೆ ಅಲ್ಲಿಗೆ ಅರ್ಧ ಬಾಡಿತು.

ತೊಟ್ಟಿಲ ಕಾರ್ಯ ಹತ್ತಿರ ಬಂತು. ಕೊನೆಯ ಪ್ರಯತ್ನವೆಂದು ನಿಪ್ಪಾಣಿಗೆ ಹೋದೆ. ತಂಬಾಕಿನ ವಖಾರಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಇನ್ನೊಬ್ಬ ಮುದಿ ಅಪ್ಪಾಲಾಲ, ನನ್ನ ಕಥೆ ಕೇಳಿ ಬಹಳ ಹೊತ್ತು ತಲೆ ಆಡಿಸಿದ.

"ಭೋಜದಾಗ ನೋಡೀರೇನು?" ಎಂದು ಕೇಳಿದ.

"ಅಲ್ಲಿ ಈಗ ನಮ್ಮವರು ಯಾರೂ ಇಲ್ಲ."

"ನಿಮ್ಮವರು ಇಲ್ಲಂದ್ರ ಏನಾತು? ಹೆಸರಿಗೇನು ಕಾಲಿಲ್ಲೇನು, ಮತ್ತೊಬ್ಬರ ಮನೀಗೆ ಹೋಗಿರಬೋದು."

ಮುದುಕರ ಮಾತು ಕೆಲವೊಮ್ಮೆ ನಿಜವಾಗುತ್ತದೆ. ಭೋಜದ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ, ಇಲ್ಲ ಎಂಬ ಉತ್ತರಕ್ಕೆ ಸಿದ್ಧನಾಗಿಯೇ ಕೇಳಿದೆ. ಅಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಡದೆ, "ಅಪ್ಪಾಲಾಲ ಪಾಟೀಲಾ? ಹೊಲದಾಗ ಅದಾನ್ರಿ, ಕಬ್ಬು ಕಡಸಾಕತ್ತಾನ" ಎಂದ.

ಪಾಟೀಲ ಎಂಬುದನ್ನು ನಾನು ತಪ್ಪು ಕೇಳಿದೆ ಎಂದುಕೊಂಡೆ. ಹೊಲಕ್ಕೆ ಹೋದರೆ ಟ್ರಾಲಿಯ ಮೇಲೆ ನಿಂತು ಕಬ್ಬಿನ ಹೊರೆ ಒಟ್ಟಿಸುತ್ತಿದ್ದ ಇಪ್ಪತ್ತೈದರ ಆಸುಪಾಸಿನ ಎತ್ತರದ ತರುಣ. ಹಣೆಯಲ್ಲಿ ಮೂರು ಬೆರಳ ವಿಭೂತಿ. ನಾನು ಕೆಳಗಿನಿಂದ ಅಳುಕುತ್ತ, "ಅಪ್ಪಾಲಾಲ?" ಎಂದೆ.

"ಹೌದ್ರಿ, ನಾನ. ನೀವ್ಯಾರ್ರಿ?"

"ನಾನೂ ಅಪ್ಪಾಲಾಲ" ಎಂದೆ. ನನಗೆ ಬೇರೆ ಏನೂ ಹೊಳೆಯಲಿಲ್ಲ.

ಅಜ್ಜ ಇಲ್ಲಿಯ ತಾಲೀಮಿನ ವಸ್ತಾದ ಎಂದು ಹೇಳಿದ್ದೇ ತಡ, ಅವನು ಟ್ರಾಲಿಯಿಂದ ಜಿಗಿದು ನನ್ನ ಕಾಲು ಮುಟ್ಟಿದ. ಕಬ್ಬು ಅಲ್ಲೇ ಬಿಟ್ಟು ನನ್ನನ್ನು ಮನೆಗೆ ಕರೆದೊಯ್ದ. ಅಲ್ಲಿ ಅವನ ಅಜ್ಜನ ತಮ್ಮ ಬಾಳಪ್ಪ ಕಾಕಾ ಹೊರಸಿನ ಮೇಲೆ ಕೂತಿದ್ದ. ನಾನು ವಸ್ತಾದನ ಮೊಮ್ಮಗ ಎಂದು ತಿಳಿದ ಮೇಲೆ ಅವನು ನನ್ನ ಕೈ ಹಿಡಿದುಕೊಂಡು ಹೇಳಿದ.

"ನಮ್ಮಪ್ಪ ತಂದಿಯಿಲ್ಲದ ಹುಡುಗ. ವಸ್ತಾದ ತಾಲೀಮಿನ್ಯಾಗ ಇಟ್ಕೊಂಡು, ತನ್ನ ತಾಟಿನ್ಯಾಗ ಉಣಿಸಿ ಪೈಲ್ವಾನ ಮಾಡಿದ. ನಮ್ಮಪ್ಪಗ ಮೊದಲನೇ ಮಗ, ಅಂದ್ರ ನಮ್ಮಣ್ಣ ಹುಟ್ಟಿದಾಗ, ಅಪ್ಪಾಲಾಲ ಅಂತ ಹೆಸರಿಟ್ಟ. ಬೀಗರು ಬಂದು ಜಗಳಾಡಿದ್ರು. ನಮ್ಮಪ್ಪ ಏನಂದ ಗೊತ್ತೇನು? 'ಕುಸ್ತಿ ಸೋತಾಗ ನನ್ನ ಬೆನ್ನಿನ ಮಣ್ಣು ವರಿಸಿದಾವ ಅವ. ನೀವು ವರಿಸಿದ್ರ ನಿಮ್ಮ ಹೆಸರ ಇಡ್ತಿದ್ದೆ' ಅಂದ. ಅವರು ಸುಮ್ಮನ ಊಟಕ್ಕ ಕೂತ್ರು."

ಆ ಅಣ್ಣ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನಿಗೆ, ರೂಢಿಯಂತೆ ಅದೇ ಹೆಸರು. ನಾವು ಊರು ಬಿಟ್ಟು, ನಂಟು ಮರೆತು ಕೂತಿದ್ದ ಅಷ್ಟೂ ಕಾಲ ನನ್ನಜ್ಜನ ಹೆಸರು ಒಂದು ಲಿಂಗಾಯತರ ಮನೆಯಲ್ಲಿ ಹಾಲು ಮೊಸರು ಉಂಡು ಆರಾಮಾಗಿ ಇತ್ತು. ತಂದೆಯಿಲ್ಲದ ಹುಡುಗನಿಗೆ ಅಪ್ಪನಾದವನೊಬ್ಬ, ಅವನಿಗೆ ಲಾಲನಾದವನೊಬ್ಬ. ಹೆಸರಿನ ಅರ್ಥವನ್ನು ನಾನು ನಿಘಂಟಿನಲ್ಲಿ ಹುಡುಕಿದ್ದೆ. ಇವರು ಅದನ್ನು ನಾಲ್ಕು ತಲೆಮಾರು ಬದುಕಿದ್ದರು. ಅವರು ಕೊಟ್ಟ ಬಿಸಿ ಹಾಲನ್ನು ನೆಪ ಮಾಡಿಕೊಂಡು ಕೆಮ್ಮಿದೆ.

"ಹುಡುಗ್ರು ಕಾಡಸಲಿಲ್ಲೇನಪಾ ನಿನ್ನ?" ಎಂದು ಕೇಳಿದೆ. ಸೊಸೆಗೆ ಉತ್ತರ ಬೇಕಿತ್ತಲ್ಲ.

"ಕಾಡಿಸಿದ್ರರಿ, ಕಾಲೇಜಿನ್ಯಾಗ ಬಾಳ ಕಾಡಿಸಿದ್ರು. ಆದ್ರ ಹಾಲಿನ ಸೊಸೈಟಿ ಇಲೆಕ್ಷನ್ನಿಗೆ ನಿಂತೆನಲ್ಲ, ಅವರೂ ನಮ್ಮವ ಅಂದ್ರು, ಇವರೂ ನಮ್ಮವ ಅಂದ್ರು. ಆರಿಸಿ ಬಂದೆ."

ತೊಟ್ಟಿಲ ದಿನ ನಮ್ಮ ಓಣಿಗೆ ಒಂದು ಟೆಂಪೋ ಬಂತು. ಅದರಿಂದ ಬಾಳಪ್ಪ ಕಾಕಾ ಇಳಿದ, ತಾಲೀಮಿನ ಐದಾರು ಪೈಲ್ವಾನರು ಇಳಿದರು, ಕೂಸಿಗೆ ರೇಷ್ಮೆಯ ಕುಂಚಿಗೆ ಹಿಡಿದುಕೊಂಡು ಅಪ್ಪಾಲಾಲ ಪಾಟೀಲ ಇಳಿದ. ಅಥಣಿಯ ಅಪ್ಪಾಲಾಲ ಪುಟ್ಟ ಚಪ್ಪಲಿ ಹೊಲಿಸಿ ತಂದಿದ್ದ. ನಿಪ್ಪಾಣಿಯವನೂ ಕೋಲೂರಿಕೊಂಡು ಬಂದಿದ್ದ. ಹಿಂದಿನ ದಿನವಷ್ಟೇ ನಾನು ಮನೆಯಲ್ಲಿ ವಿಷಯ ತಿಳಿಸಿದ್ದೆ, ಇರ್ಫಾನ ನಂಬಿರಲಿಲ್ಲ. ಈಗ ಬಾಗಿಲಲ್ಲಿ ನಿಂತು ಯಾರನ್ನೋ ಒಳಗೆ ಕರೆಯಲೆಂದು, "ಅಪ್ಪಾಲಾಲ ಅವರು ಈ ಕಡೆ ಬರ್ರಿ" ಎಂದ. ನಾಲ್ವರು ಎದ್ದು ನಿಂತೆವು. ಅಂಗಳವೆಲ್ಲ ನಗೆಯಲ್ಲಿ ಮುಳುಗಿತು.

ನಾಜಿಯಾ ಸೆರಗು ಸರಿಮಾಡಿಕೊಂಡು ಬಂದು, ಪಾಟೀಲನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಇವರು ಹರೇದವರ ಅದಾರ" ಎಂದು ಒಪ್ಪಿಕೊಂಡಳು. ಆಮೇಲೆ ಬಾಳಪ್ಪ ಕಾಕಾನ ಕಡೆ ತಿರುಗಿ, "ಅಜ್ಜಾ, ನೀವ ಕರೀರಿ ಹೆಸರು" ಎಂದಳು. ತೊಟ್ಟಿಲಲ್ಲಿ ಹೆಸರು ಕರೆಯುವುದು ಸೋದರತ್ತೆಯ ಹಕ್ಕು. ನನ್ನ ಮಗಳು ಸಂತೋಷದಿಂದ ಪಕ್ಕಕ್ಕೆ ಸರಿದಳು. ಮುದುಕ ತೊಟ್ಟಿಲ ಹತ್ತಿರ ಬಗ್ಗಿ, ಕುಸ್ತಿ ಕಣದಲ್ಲಿ ಗೆದ್ದವನ ಕೈ ಎತ್ತಿ ಸಾರುವ ಗಂಟಲಲ್ಲಿ, ಉದ್ದಕ್ಕೆ ಎಳೆದು ಹೆಸರು ಕರೆದ. ಪೈಲ್ವಾನರು ತೊಡೆ ತಟ್ಟಿದರು. ಓಣಿಯ ಜನ ಮಾಳಿಗೆ ಹತ್ತಿ ನೋಡಿದರು. ಅಂದು ನಾನು ಎಷ್ಟು ಎತ್ತರವಾಗಿ ನಡೆದಾಡಿದೆನೆಂದರೆ, ಬಾಗಿಲಿಗೆ ಎರಡು ಸಲ ತಲೆ ಬಡಿಸಿಕೊಂಡೆ.

ಮಧ್ಯಾಹ್ನ ಉಂಡು ಎಲ್ಲರೂ ಹೋದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಕೂಸು ಅಳತೊಡಗಿತು. ನನ್ನ ಹೆಂಡತಿ ಮೆಹಬೂಬಿ ಮದುವೆಯಾದಾಗಿನಿಂದ ನನ್ನ ಹೆಸರು ಹೇಳಿದವಳಲ್ಲ. ಅವಳಿಗೆ ನಾನು 'ಏನ್ರಿ', 'ಕೇಳ್ರಿಲ್ಲೆ', 'ಇರ್ಫಾನನ ಅಬ್ಬಾ'. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೂ ಬೆರಳು ಮಾಡಿ ನನ್ನನ್ನು ತೋರಿಸುತ್ತಾಳೆ. ಕೂಸಿಗೆ ಇವಳು ಬೇರೆ ಅಡ್ಡಹೆಸರು ಹುಡುಕುತ್ತಾಳೆ ಎಂದು ನಾನು ಎಣಿಸಿದ್ದೆ.

ತೊಟ್ಟಿಲು ಜೀಕುವ ಸದ್ದು ಒಂದು ಗಳಿಗೆ ನಿಂತಿತು. "ಏ ಅಪ್ಪಾಲಾಲ" ಎಂದಳು, ನಿಧಾನಕ್ಕೆ, ಬಾಯಲ್ಲಿ ಬೆಲ್ಲದ ತುಣುಕು ಇಟ್ಟುಕೊಂಡವಳ ಹಾಗೆ. ಆಮೇಲೆ ಧೈರ್ಯ ಬಂತೇನೋ, ಗಟ್ಟಿಯಾಗಿ: "ಏ ಅಪ್ಪಾಲಾಲ, ಸಾಕು ಮಾಡಪಾ ನಿನ್ನ ನಾಟಕ. ಕುಂತ ಕುಂತಲ್ಲೇ ಎಲ್ಲಾ ಆಗಬೇಕು ನಿನಗ. ನಾ ಎಷ್ಟಂತ ಮಾಡ್ಲಿ?"

ಕೂಸು ಅಳು ನಿಲ್ಲಿಸಿತೋ ಇಲ್ಲವೋ ನಾನು ಗಮನಿಸಲಿಲ್ಲ. ಅದಕ್ಕಿಂತ ಮೊದಲು ಕಟ್ಟೆಯ ಮೇಲಿನಿಂದ ನಾನೇ "ಓ" ಎಂದಿದ್ದೆ.