ಮಗಳು ಇದ್ದಾಳೆ ಎಂದು ಹೇಳಲು ಹೋದವರು

ಅವತ್ತು ಭಾನುವಾರ. ಸೊಪ್ಪಿನವಳು ಚಿಲ್ಲರೆಯೆಂದು ಕೊಟ್ಟ ಹತ್ತು ರೂಪಾಯಿ ನೋಟನ್ನು ನಮ್ಮನೆಯವರು ಜಗಲಿಯ ಬಲ್ಬಿಗೆ ಹಿಡಿದರು, ತಿರುಗಿಸಿ ಇನ್ನೊಮ್ಮೆ ಹಿಡಿದರು.

"ಹತ್ತು ರೂಪಾಯ್ಗೆ ಯಾರು ಕಳ್ಳ ನೋಟು ಮಾಡ್ತಾರೆ?" ಎಂದೆ.

"ಇಂಗೆ ಅಂದ್ಕಂಡು ಯಾರೂ ನೋಡಕಿಲ್ಲ ಅಂತಾನೇ ಮಾಡೋದು ಕಣೇ."

ಸೊಪ್ಪಿನವಳಿಗೆ ಅವರ ಗುಣ ಗೊತ್ತಿತ್ತು. "ನೋಡಣ್ಣ, ಚೆನ್ನಾಗ್ ನೋಡು. ನಿನ್ ಮೊಖ ಏನಾರ ಕಾಣ್ತದಾ ಅದ್ರಲ್ಲಿ?" ಎಂದು ಕುಕ್ಕೆ ಎತ್ತಿಕೊಂಡು ಹೋದಳು. ರಾತ್ರಿ ಉಪ್ಸಾರು ಮುದ್ದೆ ಉಂಡೆವು. ಮಗಳು ರೂಪ ಬೆಳಗಿನ ರೈಲಿಗೆಂದು ಉಡುವ ಬಟ್ಟೆ ತೆಗೆದಿಟ್ಟುಕೊಂಡಳು. ಮುಂಬಾಗಿಲ ಚಿಲಕವನ್ನು ನಾನು ಹಾಕಿದ ಮೇಲೂ ಅವರು ಎದ್ದು ಹೋಗಿ ಎಳೆದು ನೋಡಿ ಮಲಗಿದರು. ನಮ್ಮ ಮನೆ ನಮ್ಮ ಮನೆಯಂತೆ ಇದ್ದ ಕೊನೆಯ ದಿನ ಅದು.

ಅವರ ಹೆಸರು ಜವರಯ್ಯ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅನುಮಾನ ಅವರಿಗೆ ಕೆಲಸದಿಂದ ಬಂದದ್ದೋ, ಅನುಮಾನ ಇದ್ದದ್ದರಿಂದ ಆ ಕೆಲಸ ಸಿಕ್ಕಿತೋ ನನಗೆ ತಿಳಿಯದು. ಮದುವೆಯಾದ ಹೊಸತರಲ್ಲಿ ಅದೇ ಬಸ್ಸಿನಲ್ಲಿ ತವರಿಗೆ ಹೋಗುವಾಗ ಒಮ್ಮೆ ನೋಡಿದ್ದೆ. ಚಿನಕುರಳಿಯಲ್ಲಿ ಹತ್ತಿದ ಹೆಂಗಸೊಬ್ಬಳು ಮಗಳಿಗೆ ಇನ್ನೂ ಟಿಕೆಟ್ಟಿನ ವಯಸ್ಸಾಗಿಲ್ಲ ಎಂದಳು. ಇವರು ತಾಯಿಯ ಜೊತೆ ವಾದ ಮಾಡಲಿಲ್ಲ. ಬಗ್ಗಿ ಆ ಮಗುವನ್ನೇ ಕೇಳಿದರು.

"ಯಾವ್ ಕ್ಲಾಸ್ ಕಣವ್ವ?"

"ನಾಕ್ನೇ ಕ್ಲಾಸು."

"ಅವ್ಳು ಸುಳ್ಳೇಳ್ತಾಳೆ ಸಾ," ಎಂದಳು ತಾಯಿ.

ಬಸ್ಸಿಗೆ ಬಸ್ಸೇ ನಕ್ಕಿತು. ಇವರು ಮಾತ್ರ ನಗದೆ ಅರ್ಧ ಟಿಕೆಟ್ಟು ಹರಿದು ಕೊಟ್ಟರು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ ಎಂದು ಆದ ಮೇಲೆ ಇವರ ಬಸ್ಸಿಗೆ ಹತ್ತುವವರು ಕಡಿಮೆಯಾದರು. ಕೆಲವು ತಿಂಗಳು ಖಾಲಿ ಸೀಟು ಹೊತ್ತು ತಿರುಗಿ ಕೊನೆಗೆ ಮಾಲೀಕರು ಬಸ್ಸನ್ನು ಮಾರಿಬಿಟ್ಟರು. ಇವರು ಒಂದು ಅಕ್ಕಿ ಗಿರಣಿಯಲ್ಲಿ ವಾಚ್‌ಮನ್ ಆದರು. ಆಮೇಲಿಂದ ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ತಿರುಗಿ ನೋಡುತ್ತಿದ್ದರು.

ಇಂಥವರ ಮಗಳು ಮೈಸೂರಿನಲ್ಲಿ ಸಮಾಜಕಾರ್ಯ ಓದಿ, ಒಂದು ಸಂಸ್ಥೆಯಲ್ಲಿ ಹಳ್ಳಿ ಹಳ್ಳಿ ತಿರುಗುವ ಕೆಲಸ ಮಾಡುತ್ತಿದ್ದಳು. ಒಂದು ದಿನ ಬೆಂಗಳೂರಿನಲ್ಲಿ ಸಮಾಜ ಕಲ್ಯಾಣದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದ್ದೇನೆ ಎಂದಳು. ಸಿಕ್ಕರೆ ಫೀಸಿಲ್ಲ, ಮೇಲಾಗಿ ಓದುವಷ್ಟು ವರ್ಷವೂ ತಿಂಗಳಿಗಿಷ್ಟೆಂದು ಅವರೇ ಕೊಡುತ್ತಾರೆ. ಸಿಗದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು, ದುಡ್ಡು ಕಟ್ಟಿ ಓದಿಸುವ ಶಕ್ತಿ ನಮಗಿಲ್ಲ. ನಾನು ಎಸ್‌ಎಸ್‌ಎಲ್‌ಸಿಯವರೆಗೆ ಓದಿದವಳು, ಕೇಳಿ ಸಂತೋಷಪಟ್ಟೆ. ಅವರು ತಟ್ಟೆಯಿಂದ ಕೈ ತೆಗೆದರು.

"ಓದೋಕೆ ಅವ್ರೇ ದುಡ್ಡು ಕೊಡ್ತಾರಾ? ಅವ್ರಿಗೇನ್ ಬರ್ತದೆ ಅದ್ರಿಂದ?"

"ಏನೂ ಬರಲ್ಲಪ್ಪ."

"ಏನೂ ಬರ್ದೆ ಯಾರವ್ವ ಕೊಟ್ಟಾರು? ನೋಡ್ಕಂಡು ಸೈನ್ ಹಾಕು. ಆಮೇಲೆ ಕಿಡ್ನಿ ಗಿಡ್ನಿ ಅಂದಾರು."

ರೂಪ ನಕ್ಕುಬಿಟ್ಟಳು. ತನ್ನ ಫೋನು ಸಿಗದಿದ್ದರೆ ಇರಲಿ ಎಂದು ಅರ್ಜಿಯಲ್ಲಿ ಅಪ್ಪನ ನಂಬರನ್ನೂ ಕೊಟ್ಟಿದ್ದಳು. ಅದನ್ನು ಅಪ್ಪನಿಗೆ ಹೇಳುವುದು ಮರೆತಿದ್ದಳು.

ಅವಳು ನಾಗಮಂಗಲದ ಕಡೆ ಸಿಗ್ನಲ್ ಇಲ್ಲದ ಊರಿಗೆ ಹೋಗಿದ್ದ ದಿನ ಬೆಂಗಳೂರಿನಿಂದ ಫೋನ್ ಬಂತು. ನಾನು ಪಕ್ಕದಲ್ಲೇ ಹೊಲಿಗೆ ಮಿಷನ್ ಮುಂದೆ ಕೂತಿದ್ದೆ. ಆ ಕಡೆಯ ಹೆಂಗಸು ರೂಪ ನಿಮ್ಮ ಮಗಳೇ, ಹುಟ್ಟಿದ ದಿನ ಯಾವುದು ಎಂದೆಲ್ಲ ಕೇಳಿರಬೇಕು. ಇವರ ಮುಖ ಗಟ್ಟಿಯಾಯಿತು.

"ನಂಗೆ ಎಣ್ಮಕ್ಳೇ ಇಲ್ಲ ಕಣವ್ವ," ಎಂದು ಫೋನ್ ಇಟ್ಟರು. ಅದು ಮತ್ತೆ ಬಡಿದುಕೊಂಡಿತು. "ಆ ಎಸ್ರಿನೋರು ಈ ಊರಲ್ಲೇ ಯಾರೂ ಇಲ್ಲ ಅಂತೀನಿ!"

ಆಮೇಲೆ ನನ್ನ ಕಡೆ ತಿರುಗಿ, "ಹುಟ್ಟಿದ್ ದಿನ ಕೇಳ್ತಾಳೆ. ಇನ್ನೊಂದ್ ಗಳ್ಗೆ ಬುಟ್ಟಿದ್ರೆ ಬ್ಯಾಂಕಿನ್ ನಂಬ್ರನೂ ಕೇಳೋಳು," ಎಂದು ಗೆದ್ದವರಂತೆ ಹೇಳಿದರು. ಅಷ್ಟಕ್ಕೇ ಬಿಡದೆ ಆ ನಂಬರು ಮತ್ತೆ ಬಾರದಂತೆ ಪಕ್ಕದ ಮನೆಯವನ ಕೈಲಿ ಏನೋ ಒತ್ತಿಸಿದರು.

ಜೊತೆಗೆ ಅರ್ಜಿ ಹಾಕಿದ್ದ ಗೆಳತಿಗೆ ಸಂದರ್ಶನದ ದಿನ ಗೊತ್ತಾಗಿ, ತನಗೇಕೆ ಇಲ್ಲವೆಂದು ರೂಪ ವಿಚಾರಿಸಿದಾಗ ವಿಷಯ ತಿಳಿಯಿತು. ಅಂಥವರು ಯಾರೂ ಇಲ್ಲ ಎಂದು ಮನೆಯವರೇ ಹೇಳಿದ ಮೇಲೆ ಹೆಸರು ಬಿಟ್ಟಿದ್ದೇವೆ, ಮೇಲ್ ಬರೆಯಿರಿ ಎಂದರಂತೆ. ಬರೆದಳು. ಉತ್ತರ ಬರಲಿಲ್ಲ. ಅವಳು ಅಪ್ಪನನ್ನು ಬೈಯಲಿಲ್ಲ. "ಓಗ್ಲಿ ಬುಡಪ್ಪ," ಎಂದು ಒಳಗೆ ಹೋಗಿ ಮಲಗಿದಳು.

ಮಾರನೆಯ ಬೆಳಗ್ಗೆ ಅವರು ಹಾಸಿಗೆಯಲ್ಲಿರಲಿಲ್ಲ. ರೇಷನ್ ಕಾರ್ಡೂ, ಗೋಡೆಯಲ್ಲಿದ್ದ ರೂಪಳ ಶಾಲೆಯ ಫೋಟೋನೂ ಇರಲಿಲ್ಲ.

ಬೆಂಗಳೂರಿನಲ್ಲಿ ಆದದ್ದನ್ನು ಅವರೇ ಬಂದು ಹೇಳಿದರು. ವಿಭಾಗದ ಮುಖ್ಯಸ್ಥೆ ಊಟಕ್ಕೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಎರಡನ್ನೂ ಮುಂದೆ ಹಿಡಿದು, "ಮಗ್ಳು ಅವ್ಳೆ ಮೇಡಮ್. ಇಲ್ಲ ಅಂದೋನು ನಾನೇ," ಎಂದರಂತೆ.

"ಆವತ್ತು ಇಲ್ಲ ಅಂದ್ರಿ, ಈಗ ಇದ್ದಾಳೆ ಅಂತೀರಿ. ನಿಮ್ಮ ಯಾವ ಮಾತು ನಂಬೋದು?"

"ನನ್ನ ನಂಬ್‌ಬ್ಯಾಡಿ. ಅವಳ್ನೇ ಕರ್ಸಿ ನೋಡಿ."

ಆಕೆ ನಕ್ಕು, ಸಂದರ್ಶನದ ಕೊನೆಯ ದಿನ ರೂಪಳನ್ನು ಕಳಿಸಲು ಹೇಳಿದರು.

ಅಷ್ಟಾದರೂ ಇವರ ಅನುಮಾನ ತೀರಿರಲಿಲ್ಲ. ಹೊರಗೆ ಟೀ ಅಂಗಡಿಯಲ್ಲಿ ಅಲ್ಲಿ ಓದುವ ಹುಡುಗರನ್ನು ಹಿಡಿದು, ದುಡ್ಡು ನಿಜಕ್ಕೂ ಬರುತ್ತದೆಯೇ ಎಂದು ವಿಚಾರಿಸಿದ್ದರು. ಬರುತ್ತದೆ, ಆದರೆ ಬಹಳ ತಡ, ಅದಕ್ಕೂ ಹಲವು ಸಲ ಅಲೆಯಬೇಕು ಎಂದು ಹುಡುಗರು ಹೇಳಿಕೊಂಡರಂತೆ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅವರು ಅದನ್ನೇ ಮೊದಲು ಹೇಳಿದರು.

"ತಡ ಮಾಡ್ತಾರಂತೆ ಕಣ್ ಮಗ. ಅಂಗಾದ್ರೆ ನಿಜ್ವೇ. ಮೋಸ ಮಾಡೋರಾದ್ರೆ ಒಂದನೇ ತಾರೀಕೇ ಕೊಡ್ತೀವಿ ಅನ್ನೋರು."

ಸಂದರ್ಶನಕ್ಕೆ ರೂಪ ಆರಿಸಿಕೊಂಡ ವಿಷಯ ಬಸ್ಸು. ದುಡ್ಡು ಕೊಡದೆ ಓಡಾಡುವಂತಾದ ಮೇಲೆ ನಮ್ಮ ಕಡೆಯ ಹೆಂಗಸರು ಎಲ್ಲೆಲ್ಲಿಗೆ ಹೋಗುತ್ತಾರೆ, ಅದಕ್ಕೆ ಮೊದಲು ಎಲ್ಲಿಗೆ ಹೋಗದೆ ಉಳಿದಿದ್ದರು ಎನ್ನುವುದು. ಅವಳು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರೆ ಅವರು ಬೀಡಿ ಹಿಡಿದು ಹೊರಗೆ ಹೋಗಿಬಿಡುತ್ತಿದ್ದರು. ಅವಳು ಬಿಡಲಿಲ್ಲ.

"ಅಪ್ಪ, ನಿನ್ ಬಸ್ಸಿಗೆ ಯಾರ್ಯಾರು ಹತ್ತೋರು, ದುಡ್ಡಿಲ್ದೆ ಯಾರು ಇಳ್ಕಂಡ್ ಹೋಗೋರು, ಒಸಿ ಹೇಳು."

"ನನ್ ಬಸ್ ನಿಂತಿದ್ದರ ಸುದ್ದಿಯ ನನ್ ಹತ್ರಾನೇ ಕೇಳ್ಕಂಡು ಸಂಬ್ಳ ಇಸ್ಕೋತೀಯಾ? ಚೆನ್ನಾಗದೆ."

ತಮಾಷೆಯಂತೆ ಅಂದರೂ ಅದರೊಳಗೆ ನೋವಿತ್ತು. ಅವಳು ಮತ್ತೆ ಕೇಳಲಿಲ್ಲ.

ಸೊಪ್ಪಿನವಳ ನೋಟು ನೋಡಿದ ಮಾರನೆಯ ದಿನ, ಸೋಮವಾರ, ಸಂದರ್ಶನಕ್ಕೆ ಹೊರಟ ಅವಳನ್ನು ರೈಲಿಗೆ ಹತ್ತಿಸಲು ಅವರೇ ಹೋದರು. ಪ್ಲಾಟ್‌ಫಾರಂ ಮೇಲೆ ತಾವಾಗಿಯೇ ಬಸ್ಸಿನ ಮಾತು ತೆಗೆದರಂತೆ. "ಸಾಯಂಕಾಲ ಬಾ, ಕೂತ್ಕಂಡು ಎಲ್ಲಾ ಹೇಳ್ತೀನಿ. ಈಗ್ಲೇ ಹೇಳಿದ್ರೆ ನೀನು ಅಲ್ಲಿ ಒದರ್‌ಬುಡ್ತೀಯ. ಅವ್ರು ಬರ್ಕಂಡು ನಿನ್ನ ಬರಿಗೈಲಿ ಕಳ್ಸಿಬುಡ್ತಾರೆ. ಮೊದ್ಲು ಸೀಟು ಕೊಡ್ಲಿ."

ಮನೆಗೆ ಬಂದು ಕಾಫಿ ಕುಡಿದರು. ಎದೆ ಉರಿ ಎಂದು ಗೋಡೆಗೆ ಒರಗಿದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು.

ನನ್ನ ಮೈದುನ ಫೋನ್ ತೆಗೆದ. "ಮಗೀಗೆ ಹೇಳ್ಬೇಕಲ್ಲ ಅತ್ಗೆ."

"ತಾಳಪ್ಪ. ಇಂಟರ್‌ವ್ಯೂ ಮುಗೀಲಿ," ಎಂದೆ. ಆ ಹೊತ್ತಿನಲ್ಲಿ ಅಷ್ಟು ಹೇಗೆ ಹೊಳೆಯಿತೋ ನನಗೇ ಗೊತ್ತಿಲ್ಲ.

ಮಧ್ಯಾಹ್ನ ಅವಳೇ ಮಾಡಿದಳು. "ಅವ್ವ, ಚೆನ್ನಾಗಾಯ್ತು. ಅಪ್ಪಂಗೆ ಕೊಡು," ಎಂದಳು.

ಸೀಟು ಸಿಕ್ಕಿತು. ಈಗ ಅವಳು ಹೊಸಹೊಳಲು, ನಾಗಮಂಗಲದ ಕಡೆಯೆಲ್ಲ ತಿರುಗಿ ಹೆಂಗಸರ ಮಾತು ಬರೆದುಕೊಂಡು ಬರುತ್ತಾಳೆ. ಊರಿಗೆ ಬಂದಾಗ ನನ್ನನ್ನೂ ಕೇಳುತ್ತಾಳೆ, ಅಪ್ಪ ಬಸ್ಸಿನ ವಿಷಯ ಏನಾದರೂ ಹೇಳುತ್ತಿದ್ದರೇ ಎಂದು. ಮನೆಯಲ್ಲಿ ಅವರು ಬಸ್ಸಿನ ಮಾತು ಆಡಿದವರೇ ಅಲ್ಲ. ಅವಳ ಬಳಿ ಹತ್ತಿದ ಹೆಂಗಸರ ಮಾತಿದೆ, ಹತ್ತಲಾಗದೆ ಉಳಿದವರ ಮಾತಿದೆ. ಬಸ್ಸಿನ ಬಾಗಿಲಲ್ಲಿ ನಿಂತು ಅವರನ್ನೆಲ್ಲ ನೋಡುತ್ತಿದ್ದವರ ಮಾತು ಇಲ್ಲ.