ಬಾಯಿಗೆ ಬಿಟ್ಟ ನೀರು

ತೊಂಬತ್ತರ ದಶಕದಲ್ಲಿ ನನ್ನ ಕೈಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಬಂದಾಗ, ಮೈಸೂರಿನ ಮುಂದಿನ ತರಬೇತಿಗೂ ಈಗಲೇ ಅರ್ಜಿ ಹಾಕು ಎಂದು ಗುಂಡ್ಲುಪೇಟೆಯ ಡಾಕ್ಟರು ಹೇಳಿದ್ದರು. "ಒಂದ್ ವರ್ಸ ಗಾಡೀಲಿ ತಿರುಗು ಕಣ್ಲಾ, ಆಮೇಲ್ ಓಗುವಂತೆ" ಎಂದ ನಾನು ಕೆಲಸಕ್ಕೆ ಸೇರಿದ್ದ ಆಂಬುಲೆನ್ಸಿನ ಡ್ರೈವರ್. ನನ್ನ ಸೋಮಾರಿತನಕ್ಕೆ ಬೇಕಾದದ್ದೂ ಅದೇ. ಅರ್ಜಿ ಟ್ರಂಕು ಸೇರಿತು.

ಆ ಬೇಸಿಗೆಯಲ್ಲಿ ಬೇಗೂರಿನ ಬಳಿ ಲಾರಿ ಬಡಿದು ಬಿದ್ದವನೊಬ್ಬನನ್ನು ಗಾಡಿಗೆ ಹಾಕಿಕೊಂಡೆವು. ತಲೆಗೆ ನಾನೇ ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದೆ. ಪ್ರಜ್ಞೆ ಇರಲಿಲ್ಲ, ಉಸಿರಿತ್ತು. ಜೊತೆಗೆ ಹತ್ತಿದ್ದ ಅವನ ತಾಯಿ, ಮಗ ಹೋಗಿಯೇಬಿಡುತ್ತಾನೆಂದು ಹೆದರಿ ಬಾಯಿಗೆ ನೀರು ಬಿಡಲು ಚೊಂಬು ಎತ್ತಿದರು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದೆಂಬುದು ನಾನು ಕಲಿತ ಮೊದಲ ಪಾಠ. ಆದರೂ ಹೆತ್ತವಳ ಕೈ ಹಿಡಿಯಲು ನಾನ್ಯಾರು ಎಂದು ಬಾಯಿ ಮುಚ್ಚಿಕೊಂಡು ಕೂತೆ. ನೀರು ಶ್ವಾಸನಾಳಕ್ಕೆ ಇಳಿದು ಗೊರಗೊರ ಸದ್ದಾಯಿತು. ಅದನ್ನು ಹೊರತೆಗೆಯುವುದು ಮೈಸೂರಿನ ತರಬೇತಿಯ ಪಾಠ; ನನಗೆ ಇನ್ನೂ ಯಾರೂ ಕಲಿಸಿರಲಿಲ್ಲ. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತು.

ಮಾರನೆಯ ದಿನವೇ ಅರ್ಜಿ ತುಂಬಿದೆ. "ಯಾಕ್ಲಾ ಇಷ್ಟ್ ಅರ್ಜೆಂಟು?" ಎಂದ ಡ್ರೈವರ್. ಆಸ್ಪತ್ರೆಯ ಬಾಗಿಲಲ್ಲಿ ಆ ತಾಯಿ ನನ್ನ ಕೈ ಹಿಡಿದು ಹೇಳಿದ್ದನ್ನು ನಾನು ಅವನಿಗೆ ಹೇಳಲಿಲ್ಲ.

"ನೀನ್ ತಡೀಲಿಲ್ಲ ಕಣಪ್ಪ, ನನ್ ಮಗಂಗೆ ಕೊನೇಗ್ ನೀರಾದ್ರೂ ಸಿಕ್ತು. ನಿನ್ನೊಟ್ಟೆ ತಣ್ಣಗಿರ್ಲಿ."